ಆರನೇ ಕಪಾಟಿನ ಕೀಲಿ

"ಕೀಲಿ ಕೊಡ್ರಿ."

"ಕೊಡೂದಿಲ್ರಿ."

ಕುಂದಗೋಳದ ಬಜಾರ ಓಣಿಯ ವಾಚನಾಲಯದಲ್ಲಿ ಅವರಿಬ್ಬರ ನಡುವೆ ನಡೆದ ಮೊದಲ ಮಾತುಕತೆ ಇಷ್ಟೇ. ಕೇಳಿದವನು ಜಿಲ್ಲಾ ಕಚೇರಿಯಿಂದ ಪುಸ್ತಕಗಳ ತಪಾಸಣೆಗೆ ಬಂದ ಈರಬಸಪ್ಪ. ಕೊಡುವುದಿಲ್ಲ ಎಂದವಳು ಆ ವಾಚನಾಲಯವನ್ನು ನೋಡಿಕೊಳ್ಳುವ ನೀಲಕ್ಕ. ಅದು ೧೯೮೬ರ ಜೂನ್ ತಿಂಗಳ ಕೊನೆಯ ಸೋಮವಾರ.

ಅವಳು ಆರನೇ ಕಪಾಟಿಗೆ ಬೆನ್ನು ಕೊಟ್ಟು ನಿಂತಿದ್ದಳು. ಕೀಲಿ ಅವಳ ಸೆರಗಿನ ತುದಿಯ ಗಂಟಿನಲ್ಲಿತ್ತು, ಸೆರಗು ನಡುವಿಗೆ ಬಿಗಿದಿತ್ತು. ಇಪ್ಪತ್ನಾಲ್ಕು ವರ್ಷದ ಹುಡುಗಿ. ತಲೆ ಮಾತ್ರ ತಗ್ಗಿಸಲಿಲ್ಲ.

ಈರಬಸಪ್ಪ ಕೈಯಲ್ಲಿದ್ದ ಕಾಗದವನ್ನು ಮುಂದೆ ಹಿಡಿದ. "ಸರಕಾರಿ ಆದೇಶ ಐತ್ರಿ, ಬಾಯಾರ."

"ಆದೇಶ ನಿಮ್ಮ ಕಡೆ ಇರ್ಲಿ. ಕೀಲಿ ನನ್ನ ಕಡೆ ಇರ್ತೈತಿ."

ಬಾಗಿಲಲ್ಲಿ ನಿಂತಿದ್ದ ಮುದಕಪ್ಪನಿಗೆ ಇದು ಸಹಿಸಲಾಗಲಿಲ್ಲ. ಅವನು ವಾಚನಾಲಯದ ಕಮಿಟಿಯ ಅಧ್ಯಕ್ಷ. ಅವನು ಪುಸ್ತಕ ಓದಿದ್ದನ್ನು ಕಂಡವರಿಲ್ಲ, ಆದರೆ ವಾಚನಾಲಯಕ್ಕೆ ಬರುವ ಟಪಾಲನ್ನು ಮಾತ್ರ ಒಂದೂ ಬಿಡದೆ ತಾನೇ ಒಡೆದು ಓದುತ್ತಿದ್ದ. ಆಗಸ್ಟ್ ಹದಿನೈದಕ್ಕೆ ವಾಚನಾಲಯಕ್ಕೆ ಬಣ್ಣದ ಟಿವಿ ಬರುವುದಿತ್ತು. ಅದನ್ನಿಡಲು ಅವನು ಗುರುತು ಮಾಡಿಟ್ಟ ಗೋಡೆಗೇ ಈ ಆರನೇ ಕಪಾಟು ಅಂಟಿಕೊಂಡಿತ್ತು.

"ಅದರಾಗ ಏನೈತಿ ಅಂತ ಹಂಗ ನಿಂತೀದಿ ಬೇ? ರಜಿಸ್ಟರಿನ್ಯಾಗ ಬರದೈತಲ್ಲ. ದನದ ರೋಗದ ಪುಸ್ತಕ. ಒಂದಲ್ಲ ಎರಡಲ್ಲ, ನಲವತ್ಮೂರು ಪ್ರತಿ."

ಈರಬಸಪ್ಪ ರಜಿಸ್ಟರ್ ಬಿಚ್ಚಿದ. ಹಳೆಯ ಶಾಯಿಯಲ್ಲಿ, ಮುತ್ತಿನಂಥ ಅಕ್ಷರದಲ್ಲಿ 'ದನಕರುಗಳ ರೋಗ ಮತ್ತು ಔಷಧ' ಎಂದು ಒಂದು ಸಾಲು. ಅದರ ಕೆಳಗೆ ಪುಟವಿಡೀ 'ಸದರ, ಸದರ, ಸದರ' ಎಂದು, ಅಂದರೆ ಮೇಲಿನದೇ ಹೆಸರೆಂದು, ಇಳಿದುಕೊಂಡು ಹೋಗಿತ್ತು.

"ಒಂದ ಪುಸ್ತಕದ್ದು ಎರಡಕ್ಕಿಂತ ಹೆಚ್ಚು ಪ್ರತಿ ಇದ್ರ ಉಳಿದದ್ದು ರದ್ದಿಗೆ ಹಾಕಬೇಕಂತ ನಿಯಮ ಐತ್ರಿ," ಎಂದ ಈರಬಸಪ್ಪ. ಆಮೇಲೆ ಮುಖ ಗಂಭೀರ ಮಾಡಿಕೊಂಡೇ ಕೇಳಿದ. "ಕುಂದಗೋಳದಾಗ ಅಷ್ಟು ದನ ಓದಾಕ ಬರ್ತಾವೇನ್ರಿ?"

ನೀಲಕ್ಕನಿಗೆ ನಗು ಬಂದೇಬಿಟ್ಟಿತ್ತು. ತುಟಿ ಕಚ್ಚಿ ತಡೆದಳು.

"ಕೀಲಿ ಒಡದ ತಗೀರಿ ಸಾಹೇಬ್ರ, ಈಕಿ ಮಾತೇನು ಕೇಳ್ತೀರಿ," ಎಂದ ಮುದಕಪ್ಪ.

ಈರಬಸಪ್ಪ ಅವಳ ಮುಖವನ್ನೊಮ್ಮೆ ನೋಡಿದ. "ಮೊದಲಿನ ಐದು ಕಪಾಟು ಅದಾವಲ್ರಿ. ನಾಲ್ಕು ದಿನ ಇರ್ತೀನಿ. ಆರನೇದ್ದು ಕಡೀಗೆ ನೋಡೂಣು."

ಆ ಕಪಾಟಿನಲ್ಲಿ ನಿಜವಾಗಿ ಏನಿದೆ ಎನ್ನುವುದು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಒಬ್ಬಳು ನೀಲಕ್ಕ. ಇನ್ನೊಬ್ಬಳು ಯರಗುಪ್ಪಿಯಲ್ಲಿದ್ದ ಅವಳ ಆಯಿ, ಅಂದರೆ ಅಪ್ಪನ ತಾಯಿ ಮಲ್ಲಕ್ಕ. 'ಸರಕಾರದ ಮನುಷ್ಯಾಗ ಕೀಲಿ ಕೊಡಬ್ಯಾಡ' ಎಂದು ಆಯಿ ಅವಳ ಹನ್ನೆರಡನೇ ವಯಸ್ಸಿನಲ್ಲಿ ಆಣೆ ಮಾಡಿಸಿಕೊಂಡಿದ್ದಳು. ಹನ್ನೆರಡು ವರ್ಷದಿಂದ ಕುಂದಗೋಳದಲ್ಲಿ ನೀಲಕ್ಕ ಆ ಗುಟ್ಟನ್ನು ಒಬ್ಬಳೇ ಹೊತ್ತಿದ್ದಳು.

ಮುಂದಿನ ಮೂರು ದಿನ ಅವಳು ಈರಬಸಪ್ಪನನ್ನು ಕಳ್ಳನನ್ನು ಕಾಯುವಂತೆ ಕಾಯ್ದಳು. ಕಾಯುತ್ತ ಕಾಯುತ್ತ ಬೇಡದ್ದೆಲ್ಲ ಕಣ್ಣಿಗೆ ಬೀಳತೊಡಗಿತು.

ಅವನು ಪುಸ್ತಕವನ್ನು ತುದಿ ಹಿಡಿದು ಎಳೆಯುತ್ತಿರಲಿಲ್ಲ. ಅಕ್ಕಪಕ್ಕದವನ್ನು ಹಿಂದಕ್ಕೆ ಒತ್ತಿ, ಬೇಕಾದ್ದರ ನಡು ಹಿಡಿದು ತೆಗೆಯುತ್ತಿದ್ದ. ಹುಳ ಹತ್ತಿದ ಪುಸ್ತಕ ಸಿಕ್ಕರೆ ಅಂಗಳದ ಬೇವಿನ ಎಲೆ ನೆರಳಲ್ಲಿ ಒಣಗಿಸಿ ಹಾಳೆಗಳ ನಡುವೆ ಇಡುತ್ತಿದ್ದ. ರದ್ದಿಗೆ ಹಾಕಬೇಕಾದ ಪುಸ್ತಕವನ್ನೂ ಒಮ್ಮೆ ಓದದೆ ಬಿಡುತ್ತಿರಲಿಲ್ಲ. ಹೀಗಾಗಿ ಮೂರು ದಿನವಾದರೂ ರದ್ದಿಯ ಪಟ್ಟಿ ಆರು ಸಾಲು ದಾಟಿರಲಿಲ್ಲ.

'ಇಂಥಾವ್ನ ಯಾರು ನೌಕರಿಗೆ ತಗೊಂಡ್ರೋ...' ಎಂದುಕೊಂಡಳು. ಹಾಗೆ ಅಂದುಕೊಂಡಾಗ ಮನಸ್ಸು ಹಗುರಾದದ್ದು ಕಂಡು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಬುಧವಾರ ಖಾನಾವಳಿಗೆ ರಜೆ. ಅವನು ಮಧ್ಯಾಹ್ನ ಬರೀ ನೀರು ಕುಡಿದು ಕುಳಿತದ್ದನ್ನು ನೋಡಲಾರದೆ ನೀಲಕ್ಕ ತನ್ನ ಬುತ್ತಿ ಬಿಚ್ಚಿದಳು. ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಅವನ ಮುಂದಿಟ್ಟಳು.

"ಕೀಲಿ ಕೊಡೂದಿಲ್ಲ, ರೊಟ್ಟಿ ಕೊಡ್ತೀರಿ," ಎಂದ.

"ರೊಟ್ಟಿಗೆ ಆದೇಶ ಬೇಕಿಲ್ಲಲ್ರಿ."

ಅವನು ನಕ್ಕ. ತಿನ್ನುತ್ತ ತನ್ನ ಊರಿನ ಮಾತು ತೆಗೆದ. ಅವನದು ನವಲಗುಂದ. ತಾಯಿ ಸುಶೀಲವ್ವನಿಗೆ ಓದು ಬರದು. ಅವಳು ಹತ್ತಿ ಬಿಡಿಸುತ್ತ ಕುಳಿತರೆ ಇವನು ಬಾಜು ಕುಳಿತು ಓದಿ ಹೇಳುತ್ತಿದ್ದನಂತೆ. ಪಕ್ಕದ ಮನೆಯಲ್ಲಿ ಜಮಖಾನೆ ನೇಯುವ ಮಾಬುಬಿ ಚಾಚಿ, ಮಗ್ಗದ ಮುಂದಿನಿಂದಲೇ 'ಜರಾ ಜೋರ್ ಓದೋ' ಎಂದು ಕೂಗುತ್ತಿದ್ದಳಂತೆ.

"ನನಗ ಓದೂದು ಅಂದ್ರ ಒಬ್ಬರಿಗೆ ಕೇಳಿಸೂದ್ರಿ. ಒಬ್ಬಾವನ ಓದಿದ್ರ ಅರ್ಧಾನೂ ತಿಳಿಯೂದಿಲ್ಲ," ಎಂದ.

ನೀಲಕ್ಕ ಬುತ್ತಿಯ ಬಟ್ಟೆ ಮಡಚತೊಡಗಿದಳು. ನಲವತ್ಮೂರು ಪುಸ್ತಕಗಳನ್ನು ಬಾಗಿಲು ಹಾಕಿಕೊಂಡು ಒಬ್ಬಳೇ ಓದಿದವಳು ಅವಳು. ಅವನ ಮಾತು ಎಲ್ಲಿ ತಟ್ಟಬೇಕೋ ಅಲ್ಲಿಯೇ ತಟ್ಟಿತ್ತು.

ಗುರುವಾರ ಸಂಜೆ ಅವನು ಕಾಗದಪತ್ರ ಚೀಲಕ್ಕೆ ಹಾಕಿಕೊಂಡ. "ಆರನೇ ಕಪಾಟು ನೋಡದ ಹೊಂಟೀನಿ, ಬಾಯಾರ. ಏನೈತಿ ಅಂತ ಕೇಳೂದಿಲ್ಲ. ಆದ್ರ ಒಂದು ಮಾತು. ದನದ ಔಷಧಕ್ಕ ಯಾರೂ ಹಂಗ ಅಡ್ಡ ನಿಲ್ಲೂದಿಲ್ಲ."

ಅಷ್ಟು ಹೇಳಿ ಹೊರಟೇಬಿಟ್ಟ. ಮೆಟ್ಟಿಲಿಳಿಯುತ್ತಿದ್ದವನನ್ನು ಅವಳು ಕರೆದಳು.

"ನಿಲ್ಲ್ರಿ."

ಸೆರಗಿನ ಗಂಟು ಬಿಚ್ಚಿದಳು. ಕೀಲಿಯನ್ನು ಅವನ ಕೈಗೆ ಕೊಡಲಿಲ್ಲ, ಕಪಾಟನ್ನು ತಾನೇ ತೆರೆದಳು. ಆಯಿಗೆ ಕೊಟ್ಟ ಆಣೆ ಮುರಿಯಲಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಒಳಗೆ ಸಾಲಾಗಿ ಕಂದು ರಟ್ಟಿನ ಪುಸ್ತಕಗಳು. ಪ್ರತಿಯೊಂದರ ಮೇಲೂ ಒಂದು ಎತ್ತಿನ ಚಿತ್ರ, ಕೆಳಗೆ ಇಂಗ್ಲಿಷರ ಸರಕಾರದ ಶಿಕ್ಕೆ. ನೀಲಕ್ಕ ಒಂದನ್ನು ತೆಗೆದು ಮಧ್ಯಕ್ಕೆ ಬಿಚ್ಚಿ ಅವನ ಕೈಗಿಟ್ಟಳು.

ಅವನು ಒಂದು ಪುಟ ಓದಿದ, ಇನ್ನೊಂದು ಓದಿದ. ಕರ ಕೊಡೆವೆಂದು ಹೊಲ ಮನೆ ಕಳೆದುಕೊಂಡ ರೈತರ ಕಥೆ ಅದು. ಮತ್ತೊಂದು ತೆಗೆದ. ಅದರಲ್ಲಿ ಪ್ರಭಾತಫೇರಿಯ ಹಾಡುಗಳು. ಇನ್ನೊಂದರಲ್ಲಿ ಜೇಲಿನಿಂದ ಗುಟ್ಟಾಗಿ ಹೊರಬಂದ ಪತ್ರಗಳು. ಹಾಳೆಗಳೆಲ್ಲ ಹಳದಿ, ಮುಟ್ಟಿದರೆ ಹರಿಯುವಷ್ಟು ತೆಳು. ಅಚ್ಚು ಮಾಡಿದವರ ಹೆಸರು ಇರಬೇಕಾದಲ್ಲಿ ಖಾಲಿ ಜಾಗ.

"ಇಂಗ್ಲಿಷರು ಬಂದಿ ಹಾಕಿದ್ದ ಪುಸ್ತಕ," ಎಂದ, ಪಿಸುಮಾತಿನಲ್ಲಿ.

"ಹೌದ್ರಿ. ನಮ್ಮ ಅಜ್ಜ ಶಂಭುಲಿಂಗಪ್ಪ ಆಗ ಇದ ವಾಚನಾಲಯ ನಡಸ್ತಿದ್ದ. ಊರಾಗ ಹಂಚು ಅಂತ ಸರಕಾರ ದನದ ಪುಸ್ತಕ ಕಳಿಸಿತ್ತಂತ. ಅಜ್ಜ ರಟ್ಟು ಬಿಚ್ಚಿ ಇಟ್ಕೊಂಡ. ಒಳಗಿನ ದನ ಎಲ್ಲಾ ಆಯಿ ನೀರೊಲಿಗೆ ಹಾಕಿದ್ಳು. ಆ ರಟ್ಟಿನ ಒಳಗ ಇವನ್ನ ಹೊಲದು, ರಜಿಸ್ಟರಿನ್ಯಾಗೂ ಹಂಗ ಬರದ. ಫೌಜದಾರ ಎರಡು ಸಲ ಬಂದು, ಮ್ಯಾಲೆ ತಮ್ಮದ ಸರಕಾರದ ಶಿಕ್ಕಾ ನೋಡಿ ಹೊಳ್ಳಿ ಹೋದ."

ಈರಬಸಪ್ಪನಿಗೆ ನಗಬೇಕೋ ಕೈ ಮುಗಿಯಬೇಕೋ ತಿಳಿಯಲಿಲ್ಲ.

"ನಲವತ್ತೆರಡರಾಗ ಅಜ್ಜನ್ನ ಹಿಡಕೊಂಡು ಹೋದ್ರು. ಆಯಿ ಇವನ್ನೆಲ್ಲಾ ರೊಟ್ಟಿ ಬುಟ್ಟ್ಯಾಗ ಯರಗುಪ್ಪಿಗೆ ಹೊತ್ತು, ನೆಲದೊಳಗಿನ ಹಗೇವಿನ ಜೋಳದ ಕೆಳಗ ಹುಗದಿಟ್ಳು. ನೋಡ್ರಿ, ಹಾಳ್ಯಾಗ ಇನ್ನೂ ಜೋಳದ ಧೂಳು ಐತಿ. ಅಜ್ಜ ಬೆಳಗಾವಿ ಜೇಲಿನಿಂದ ತಿರುಗಿ ಬರ್ಲಿಲ್ಲ. ಸ್ವಾತಂತ್ರ್ಯ ಬಂದ ಮ್ಯಾಲೆ ಆಯಿ ಇವನ್ನ ಹೊಳ್ಳಿ ಈ ಕಪಾಟಿನ್ಯಾಗ ತಂದಿಟ್ಟು ಕೀಲಿ ತನ್ನ ಕಡೆ ಇಟ್ಕೊಂಡ್ಳು, ರಜಿಸ್ಟರ್ ತಿದ್ದವ್ರು ಮಾತ್ರ ಯಾರೂ ಉಳೀಲಿಲ್ಲ."

ಅವನು ಪುಸ್ತಕದ ಬೆನ್ನಿನಿಂದ ಇಳಿಬಿದ್ದಿದ್ದ ಕೆಂಪು ದಾರವನ್ನು ಹಿಡಿದು ನೋಡುತ್ತಿದ್ದ. ಉದ್ದಕ್ಕೂ ಗಂಟುಗಳು. "ಇದೇನ್ರಿ?"

"ಓದಿದವ್ರು ಹೆಸರು ಬರಿಯೂ ಹಂಗ ಇರ್ಲಿಲ್ಲ. ಸಿಕ್ಕರ ಎಲ್ಲಾರೂ ಜೇಲಿಗೆ. ಆಯಿಗೆ ಬರಿಯಾಕ ಬರೂದಿಲ್ಲ, ಆಕಿನ ದಾರಿ ತಗದ್ಳು. ಓದಿ ಮುಗಿಸಿದವ್ರು ಒಂದು ಗಂಟು ಹಾಕಬೇಕು. ಪುಸ್ತಕ ಕೊಟ್ಟವ್ರು ಮುಂದ ನಿಂತು ನೋಡಬೇಕು."

ಅವನು ಬೆರಳಾಡಿಸುತ್ತ ಎಣಿಸಿದ. ಹದಿನೇಳು. ದಾರವನ್ನು ಉಗುರಿನಿಂದ ಮೆಲ್ಲಗೆ ಉಜ್ಜಿದ. "ಇದು ನಮ್ಮ ನವಲಗುಂದದ ಜಮಖಾನಿ ನೂಲು. ಚಾಚಿ ಮಗ್ಗದಾಗ ಇದ ಕೆಂಪು..." ಎಂದವನ ಕಣ್ಣು ತುಂಬಿತ್ತು.

ನೀಲಕ್ಕ ಅವನನ್ನು ಪ್ರೀತಿಸತೊಡಗಿದ್ದು ಆಗಲೇ. ಅದು ಅವಳಿಗೂ ಆಗಲೇ ತಿಳಿಯಿತು, ತಿಳಿದು ಹೆದರಿಕೆಯಾಯಿತು.

"ನಿಮ್ಮ ಗಂಟು ಯಾವುದ್ರಿ?" ಕೇಳಿದ.

"ನಾ ಹಾಕಿಲ್ಲ. ನನ್ನ ಮುಂದ ನಿಂತು ನೋಡವ್ರು ಯಾರದಾರ?"

ಅವಳು ಎಲ್ಲಕ್ಕಿಂತ ತೆಳುವಾದ ಒಂದು ಪುಸ್ತಕ ತೆಗೆದು, ಹಳೆಯ ಬಟ್ಟೆಯಲ್ಲಿ ಸುತ್ತಿ ಅವನ ಚೀಲದಲ್ಲಿಟ್ಟಳು. "ಓದಿ ತರ್ರಿ. ನನ್ನ ಮುಂದ ಗಂಟು ಹಾಕ್ರಿ."

"ತರ್ತೀನಿ. ಈ ಕಪಾಟಿಗೆ ಏನೂ ಆಗಾಕ ಬಿಡೂದಿಲ್ಲ," ಎಂದು ಹೇಳಿ ಹೋದ.

ಹೋದವನು ಹೋದ... ಒಂದು ವಾರವಾಯಿತು, ಎರಡು ವಾರವಾಯಿತು. ಹುಬ್ಬಳ್ಳಿ ಬಸ್ಸು ಬಂದ ಸಪ್ಪಳಕ್ಕೆಲ್ಲ ನೀಲಕ್ಕನ ಕಿವಿ ನಿಮಿರುತ್ತಿತ್ತು. ಪತ್ರದ ಆಸೆಯನ್ನು ಅವಳು ಇಟ್ಟುಕೊಳ್ಳಲಿಲ್ಲ, ಮುದಕಪ್ಪ ಒಡೆಯದೆ ಬಿಡುವವನಲ್ಲ. ಆಷಾಢ ಕಳೆದು ಶ್ರಾವಣ ಬಂತು, ಅವನು ಬರಲಿಲ್ಲ.

ಬಂದದ್ದು ಒಂದು ಕಾಗದ. ಪಂಚಮಿಗೆ ಎರಡು ದಿನ ಇರುವಾಗ ಮುದಕಪ್ಪ ಅದನ್ನು ಹಿಡಿದುಕೊಂಡು, ಹಿಂದೆ ಒಂದು ಚಕ್ಕಡಿಯನ್ನೂ ಕರೆದುಕೊಂಡು ವಾಚನಾಲಯಕ್ಕೆ ಬಂದ.

"ಕೇಳು ಬೇ," ಎಂದು ಗಟ್ಟಿಯಾಗಿ ಓದಿದ. "ಆರನೇ ಕಪಾಟು. ದನಕರುಗಳ ರೋಗ ಮತ್ತು ಔಷಧ, ನಲವತ್ಮೂರು ಪ್ರತಿ. ಹೆಚ್ಚುವರಿ ಇರುವ ಕಾರಣ ಯರಗುಪ್ಪಿಯ ದನದ ದವಾಖಾನೆಗೆ ವರ್ಗಾಯಿಸತಕ್ಕದ್ದು. ಸಹಿ ಯಾರದೈತಿ ನೋಡ್ಕೋ."

ನೋಡಿದಳು. ಅದೇ ದುಂಡು ಅಕ್ಷರ. ಈರಬಸಪ್ಪ.

ದನದ ದವಾಖಾನೆಯಲ್ಲಿ ಔಷಧದ ಪುಡಿಯನ್ನು ಎಂಥ ಕಾಗದದಲ್ಲಿ ಕಟ್ಟಿಕೊಡುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಹಳೆಯ ಪುಸ್ತಕದ ಹಾಳೆ ಹರಿದು ಪುಡಿಕೆ ಮಾಡುತ್ತಾರೆ. 'ಓದಿದಿ. ಕಣ್ಣೀರು ಹಾಕಿದಿ. ಎಲ್ಲಾ ತಿಳದೂ ಹಿಂಗ ಬರದಿ...' ಆಯಿ ಅಷ್ಟು ವರ್ಷ ಕಾಯ್ದದ್ದನ್ನು ತಾನು ನಾಲ್ಕು ದಿನದ ಪರಿಚಯದವನ ಮುಂದೆ ತೆರೆದಿಟ್ಟಿದ್ದಳು.

ಆದರೆ ಅಳಲು ಅದು ಹೊತ್ತಲ್ಲ. ಹೊರಗೆ ಬಂದು ವಾಚನಾಲಯದ ಬಾಗಿಲಿಗೇ ಕೀಲಿ ಹಾಕಿ ಮೆಟ್ಟಿಲ ಮೇಲೆ ನಿಂತಳು.

"ಚಕ್ಕಡಿ ಹೊಳ್ಳಿಸ್ರಿ."

"ನಾಳಿಂದ ನೀ ಕೆಲಸಕ್ಕ ಬರಬ್ಯಾಡ," ಎಂದ ಮುದಕಪ್ಪ.

"ಬರ್ತೀನಿ. ಕೆಲಸ ಇಲ್ಲಂದ್ರ ಓದಾಕ ಬರ್ತೀನಿ. ವಾಚನಾಲಯ ಊರಿಂದು, ನಿಮ್ಮ ಮನಿ ಪಡಸಾಲಿ ಅಲ್ಲ."

"ಹದಿನೈದನೇ ತಾರೀಖು ಧ್ವಜಾ ಏರಿಸಿ, ಎಲ್ಲಾರ ಮುಂದ ಕೀಲಿ ಒಡಸ್ತೀನಿ. ಆಗ ನಿಲ್ಲು ನೋಡೂಣು."

"ನಿಲ್ತೀನಿ."

ಚಕ್ಕಡಿ ಖಾಲಿ ಹೋಯಿತು. ಅವಳು ಒಳಗೆ ಬಂದು ಆರನೇ ಕಪಾಟಿನ ಮುಂದೆ ಕುಳಿತು, ಆಗ ಅತ್ತಳು.

ಪಂಚಮಿಗೆ ಯರಗುಪ್ಪಿಗೆ ಹೋದಳು. ಆಯಿ ಕಟ್ಟೆಯ ಮೇಲೆ ಶೇಂಗಾದ ಉಂಡಿ ಕಟ್ಟುತ್ತ ಕುಳಿತಿದ್ದಳು. ನೀಲಕ್ಕ ಒಂದನ್ನೂ ಮುಚ್ಚಿಡದೆ ಹೇಳಿದಳು. ಕಪಾಟು ತೆರೆದದ್ದು, ಪುಸ್ತಕ ಕೊಟ್ಟದ್ದು, ಅವನ ಸಹಿ, ಚಕ್ಕಡಿ ಎಲ್ಲವನ್ನೂ.

ಆಯಿ ಬಯ್ಯಲಿಲ್ಲ. "ಹುಡುಗ ಹೆಂಗ ಅದಾನ?" ಎಂದು ಕೇಳಿದಳು.

"ಆಯಿ, ನಾ ಏನ್ ಹೇಳಾಕತ್ತೀನಿ, ನೀ ಏನ್ ಕೇಳ್ತಿ."

"ಕೇಳಬೇಕಾದ್ದ ಕೇಳೀನಿ."

ಅಷ್ಟರಲ್ಲಿ ಯಾಕೂಬಸಾಬ ಅಂಗಳಕ್ಕೆ ಬಂದ. ಅವನು ಊರಿನ ದನದ ದವಾಖಾನೆಯ ಕಂಪೌಂಡರ್; ಆಯಿಯ ಎಮ್ಮೆಯ ಕಾಲಿಗೆ ಔಷಧ ಹಚ್ಚಲು ಬಂದಿದ್ದ. ನೀಲಕ್ಕನನ್ನು ಕಂಡು ಕೈಲಿದ್ದ ಸೀಸೆ ಕೆಳಗಿಟ್ಟ.

"ಬಾಯಾರ, ನಾನ ನಾಳಿಗೆ ನಿಮ್ಮ ಕಡೆ ಬರಾಂವ ಇದ್ದೆ. ಈರಬಸಪ್ಪ ಸಾಹೇಬ್ರು ಹೇಳ್ಯಾರ. ಪುಸ್ತಕ ತರೂ ಮೊದಲ ನಿಮಗ ತಿಳಿಸಿ ಬಾ ಅಂತ. ಮುದಕಪ್ಪ ತನ್ನ ಚಕ್ಕಡಿ ಮೊದಲ ಹೂಡಿಬಿಟ್ಟ."

"ಏನ್ ತಿಳಿಸಾಕ? ಪುಡಿಕಿ ಕಟ್ಟಾಕ ಕಾಗದ ಸಿಕ್ತು ಅಂತನಾ?"

"ಅಲ್ರಿ. ಮುದಕಪ್ಪ ಅವರ ಮ್ಯಾಲೆ ತಕರಾರು ಬರದ, ಕುಂದಗೋಳಕ್ಕ ಕಾಲಿಡಬ್ಯಾಡಂತ ಅವರನ್ನ ಕಲಘಟಗಿಗೆ ಹಾಕಿದ್ರು. ಮೂರು ಐತವಾರ ಅಲ್ಲಿಂದ ಬಂದು ನಮ್ಮ ಒಳಗಿನ ಖೋಲಿ ತಾವ ಸಾರಿಸ್ಯಾರ. ಹಲಗಿ ಬಡದಾರ, ಬೇವಿನ ಎಲಿ ಹಾಸ್ಯಾರ. ಹೆಚ್ಚಿಗಿ ಪ್ರತಿ ರದ್ದಿಗೆ ಹೋಗಬೇಕು, ಇಲ್ಲಂದ್ರ ಬ್ಯಾರೆ ಸರಕಾರಿ ಇಲಾಖೆಗೆ ಹೋಗಬೇಕಂತ. ದನದ ಪುಸ್ತಕ ಅಂದ ಮ್ಯಾಲೆ ದನದ ದವಾಖಾನಿ. ಒಂದು ಹಾಳಿ ಹರದ್ರ ನಿನ್ನ ಕೈ ಮುರೀತೀನಿ ಅಂದಾರ ನನಗ."

ಈರಬಸಪ್ಪ ಮೋಸ ಮಾಡಿರಲಿಲ್ಲ. ಎದೆಯ ಮೇಲಿನ ಕಲ್ಲು ಇಳಿಯಿತು... ಆದರೆ ಕಲ್ಲು ಇಳಿದ ಜಾಗದಲ್ಲಿ ಮತ್ತೊಂದು ಸಿಟ್ಟು ಎದ್ದು ನಿಂತಿತು. ಹಗೇವಿನಿಂದ ಕಪಾಟಿಗೆ, ಕಪಾಟಿನಿಂದ ದವಾಖಾನೆಗೆ. ಇನ್ನೂ ಎಷ್ಟು ದಿನ ಅಡಗಿಸುವುದು?

"ಆಯಿ, ನನ್ನ ಆಣಿ ಬಿಡಸು. ನಾ ಇವನ್ನ ಊರ ಮುಂದ ತಗಿತೀನಿ."

ಮಲ್ಲಕ್ಕ ಕೈಲಿದ್ದ ಉಂಡಿ ಕೆಳಗಿಟ್ಟಳು. "ಆಣಿ ಮಾಡಸಿದ್ದು ಅಂಜಿ, ನೀಲವ್ವ. ನಿಮ್ಮಜ್ಜನ್ನ ಹಿಡಕೊಂಡು ಹೋದ ಅಂಜಿಕಿ ನನ್ನ ಮೈಯಾಗ ಕುಂತಿತ್ತು. ಸರಕಾರ ಬದಲಾದ್ರೂ ಅದು ಏಳಲಿಲ್ಲ. ಹೋಗು, ತಗಿ. ನಾನೂ ಬರ್ತೀನಿ."

ಆಗಸ್ಟ್ ಹದಿನೈದು. ಚಾವಡಿಯಲ್ಲಿ ಧ್ವಜವಂದನೆ ಮುಗಿಸಿ ಜನರೆಲ್ಲ ಟಿವಿ ನೋಡಲು ವಾಚನಾಲಯಕ್ಕೆ ಬಂದರು. ಮುಂದೆ ಮುದಕಪ್ಪ, ಅವನ ಕೈಯಲ್ಲಿ ಕೀಲಿ ಒಡೆಯಲು ಕಬ್ಬಿಣದ ಸರಳು.

ಒಡೆಯಲು ಏನೂ ಉಳಿದಿರಲಿಲ್ಲ. ಆರನೇ ಕಪಾಟು ಹಾರುಹೊಡೆದಿತ್ತು. ಜನ ಕೂರಲೆಂದು ಹಾಸಿದ್ದ ದೊಡ್ಡ ಜಮಖಾನೆಯ ಮೇಲೆ ನಲವತ್ತೆರಡು ಪುಸ್ತಕಗಳು ಬಿಚ್ಚಿಕೊಂಡು ಕುಳಿತಿದ್ದವು. ನಡುವೆ ನೀಲಕ್ಕ.

"ಧ್ವಜಕ್ಕ ಕೈ ಮುಗದು ಬಂದೀರಿ. ಆ ಧ್ವಜಾ ಏರಸಾಕ ಈ ಊರವ್ರು ಕದ್ದು ಓದಿದ್ದು ಇವು. ಇವನ್ನ ತುಳದು ಟಿವಿ ನೋಡವ್ರು ಬರ್ರಿ," ಎಂದಳು.

ಯಾರೂ ಹೆಜ್ಜೆ ಇಡಲಿಲ್ಲ. ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಒಬ್ಬ ಒಳಗೆ ಬಂದ. ಕಲಘಟಗಿಯಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದ, ಅಂಗಿಯೆಲ್ಲ ಧೂಳು. ಕೈಯಲ್ಲಿ ಬಟ್ಟೆ ಸುತ್ತಿದ ಪುಸ್ತಕ.

"ಯಾಕ ಬಂದ್ರಿ?" ಕೇಳಿದಳು ನೀಲಕ್ಕ.

"ಪುಸ್ತಕ ಕೊಡಾಕ," ಎಂದ ಈರಬಸಪ್ಪ. "ಬಾಯಾರ, ನಾ ಉಳಸಾಕ ನೋಡಿದ್ದೆ..."

"ಗೊತ್ತೈತಿ. ಯಾಕೂಬ ಕಾಕಾ ಹೇಳ್ಯಾನ. ನನ್ನ ಸಿಟ್ಟು ಅದಕ್ಕ. ದನದ ಹೆಸರಿನ್ಯಾಗ ನಮ್ಮಜ್ಜ ಅಡಗಿಸಿದ, ಆಗ ಇಂಗ್ಲಿಷರು ಇದ್ರು. ನೀವು ಯಾರಿಗೆ ಅಂಜಿ ಅಡಗಿಸಿದ್ರಿ? ಉಳಿಸೂದು ಅಂದ್ರ ಅಡಗಿಸೂದಲ್ಲ ಸಾಹೇಬ್ರ, ಅವುಗಳ ಹೆಸರಿಂದ ಅವನ್ನ ಕರಿಯೂದು."

ಅವನು ತಲೆ ತಗ್ಗಿಸಿ ನಿಂತ. ಆಮೇಲೆ ಒಂದೇ ಮಾತು. "ಖರೆ. ರಜಿಸ್ಟರ್ ಕೊಡ್ರಿ."

"ಏ ಸಾಹೇಬ್ರ," ಮುದಕಪ್ಪ ಎಚ್ಚರಿಸಿದ. "ದನದ ಪುಸ್ತಕ ಅಂತ ನೀವ ಬರದು ಸಹಿ ಮಾಡೀರಿ. ಈಗ ಅಲ್ಲ ಅಂತ ಬರದ್ರ ನಿಮ್ಮ ನೌಕರಿ ಹೊಕ್ಕೈತಿ."

"ಮೊದಲನೇ ಸಹಿ ಸುಳ್ಳಿತ್ತು. ಅದಕ್ಕ ಏನ್ ಶಿಕ್ಷಾ ಕೊಟ್ರೂ ತಗೋತೀನಿ."

ಈರಬಸಪ್ಪ ಜಮಖಾನೆಯ ಅಂಚಿಗೆ ಕುಳಿತು ಪೆನ್ನು ತೆಗೆದ. ನೀಲಕ್ಕ ಒಂದೊಂದೇ ಪುಸ್ತಕ ಎತ್ತಿ ಒಳಗಿನ ನಿಜವಾದ ಹೆಸರನ್ನು ಗಟ್ಟಿಯಾಗಿ ಓದಿದಳು. ಅವನು ಒಂದೊಂದೇ 'ಸದರ' ಹೊಡೆದುಹಾಕಿ ಅದರ ಬದಿಗೆ ಆ ಹೆಸರು ಬರೆದು ಸಹಿ ಹಾಕಿದ. ಕೊನೆಗೆ ತಾನು ತಂದ ಪುಸ್ತಕದ ಹೆಸರನ್ನೂ ಬರೆದ. ನಲವತ್ಮೂರು ಸಾಲು, ನಲವತ್ಮೂರು ಬೇರೆ ಬೇರೆ ಹೆಸರು. ಹೆಚ್ಚುವರಿ ಪ್ರತಿ ಎನ್ನುವುದೇ ಇನ್ನು ಇರಲಿಲ್ಲ.

"ಬರದ್ರ ಆತೇನು?" ಮುದಕಪ್ಪ ಬಿಡಲಿಲ್ಲ. "ಈ ಊರವ್ರು ಇವನ್ನ ಓದಿದ್ರು ಅನ್ನಾಕ ಪುರಾವೆ ಏನೈತಿ?"

"ನಾ ಅದೀನಿ," ಎಂದಿತು ಹಿಂದಿನಿಂದ ಒಂದು ಮುದಿ ಧ್ವನಿ.

ಯಾಕೂಬಸಾಬನ ಕೈ ಹಿಡಿದು ಮಲ್ಲಕ್ಕ ಬಂದಳು. ಪುಸ್ತಕಗಳ ನಡುವೆ ಕುಳಿತು ಒಂದನ್ನು ಉಡಿಯಲ್ಲಿಟ್ಟುಕೊಂಡಳು. ಅಕ್ಷರ ಅವಳಿಗೆ ಬರುತ್ತಿರಲಿಲ್ಲ. ಕೆಂಪು ದಾರವನ್ನು ಹಿಡಿದು, ಕಣ್ಣು ಮುಚ್ಚಿ, ಬೆರಳಿನಿಂದ ಓದತೊಡಗಿದಳು.

"ಇದು ಎಡಗೈ ಗಂಟು. ಯಾಕೂಬನ ಅಪ್ಪ ಅಲ್ಲಾಭಕ್ಷಂದು. ಇದು ಎರಡು ಸುತ್ತಿಂದು, ಹೂಗಾರ ಸಣ್ಣವ್ವಂದು. ಆಕಿ ಒಂದ ಸುತ್ತಿನ ಗಂಟು ನಂಬತಿದ್ದಿಲ್ಲ. ಇದು ಕುರುಬರ ಅಮೋಘಸಿದ್ದಪ್ಪಂದು, ಕುರಿ ಹಗ್ಗದ ಗಂಟು. ಇದು..." ಇಲ್ಲಿ ಬೆರಳು ನಿಂತಿತು. "ಇದು ನಮ್ಮ ಮನಿಯವರದು."

ಹಿಂದೆ ನಿಂತಿದ್ದ ಮುದುಕನೊಬ್ಬ ಟೋಪಿ ತೆಗೆದ. ಯಾಕೂಬಸಾಬ ಅಪ್ಪನ ಗಂಟನ್ನು ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡ.

"ನಮ್ಮಪ್ಪಂದು?" ಮುದಕಪ್ಪ ಕೇಳಿದ. ಅವನ ಧ್ವನಿ ಸಣ್ಣದಾಗಿತ್ತು.

ಮಲ್ಲಕ್ಕ ಅವನನ್ನು ನೋಡಿದಳು. "ನಿಮ್ಮಪ್ಪಂದು ಇದರಾಗ ಇಲ್ಲಪಾ. ಅಂವ ಓದಲಿಲ್ಲ, ಅಂಜಿಕಿ ಭಾಳ ಅವಂಗ. ಆದ್ರ ಫೌಜದಾರ ಅವನ್ನ ಹಿಡದು ಹೊಡದಾಗೂ ನಮ್ಮ ಮನಿ ತೋರಸಲಿಲ್ಲ."

ಮುದಕಪ್ಪ ಸರಳನ್ನು ಮೂಲೆಗಿಟ್ಟ. ಹೊರಗೆ ತಿರುಗಿ, "ಟಿವಿ ಹೊರಗ ಕಟ್ಟಿ ಮ್ಯಾಲೆ ಇಡ್ರಿ. ಒಳಗ ಜಾಗ ಇಲ್ಲ," ಎಂದ.

ಜನರೆಲ್ಲ ಕಟ್ಟೆಗೆ ಹೋದರು. ಆಯಿಯನ್ನು ಯಾಕೂಬಸಾಬ ನೆರಳಿಗೆ ಕರೆದೊಯ್ದ. ಒಳಗೆ ಉಳಿದವರು ಇಬ್ಬರೇ.

ಈರಬಸಪ್ಪ ತಾನು ತಂದ ಪುಸ್ತಕದ ದಾರವನ್ನು ಹಿಡಿದ. "ಎಂದೋ ಓದಿ ಮುಗಿಸೀನಿ. ಗಂಟು ಹಾಕಿಲ್ಲ. ನೀವು ಮುಂದ ಇರಬೇಕಲ್ಲ."

"ಹಾಕ್ರಿ. ನೋಡ್ತೀನಿ."

ಹಾಕಿದ. ಅವಳು ಅವನ ಕೈಯಿಂದ ದಾರ ತೆಗೆದುಕೊಂಡಳು. "ಈಗ ನೀವು ನೋಡ್ರಿ." ಹನ್ನೆರಡು ವರ್ಷ ಬಾಕಿ ಉಳಿದಿದ್ದ ತನ್ನ ಗಂಟನ್ನು ಅವನದರ ಬಾಜುವೇ ಹಾಕಿದಳು. ಕಣ್ಣಿನಿಂದ ಒಂದು ಹನಿ ದಾರದ ಮೇಲೆ ಬಿತ್ತು, ಒರೆಸಿಕೊಳ್ಳಲಿಲ್ಲ.

"ನೌಕರಿ ಹೋದ್ರ ಏನ್ ಮಾಡ್ತೀರಿ?"

"ಇನ್ನೂ ನಲವತ್ತೆರಡು ಓದೂದು ಐತಿ. ನಿನಗ ಕೇಳಿಸಿ ಓದಬೇಕಂತ ಮಾಡೀನಿ, ನೀಲಾ." ಬಾಯಾರ ಎನ್ನುವುದು ಎಲ್ಲಿ ಹೋಯಿತೋ ಅವನಿಗೂ ತಿಳಿಯಲಿಲ್ಲ. "ಕಲಘಟಗ್ಯಾಗ ದಿನಾ ಓದಿ ಮುಗಿಸಿ ತಲಿ ಎತ್ತಿದ್ರ ನೀ ಇರ್ತಿದ್ದಿಲ್ಲ. ಅದೊಂದ ನನಗ ತಡಕೊಳ್ಳಾಕ ಆಗ್ಲಿಲ್ಲ. ಅವತ್ತ ಕೇಳಿದ್ದು ಇವತ್ತ ಮತ್ತ ಕೇಳ್ತೀನಿ. ಕೀಲಿ ಕೊಡ್ತಿ?"

"ಕೊಡೂದಿಲ್ಲ."

ಅವನ ಮುಖ ಬಾಡಿತು. ನೀಲಕ್ಕ ಕೀಲಿಯನ್ನು ಸೆರಗಿನ ತುದಿಗೆ ನಿಧಾನವಾಗಿ ಕಟ್ಟಿಕೊಂಡಳು. ನಡುವಿಗೆ ಸಿಕ್ಕಿಸಿದಳು. ಆಮೇಲೆ ತಲೆ ಎತ್ತಿ ಅವನ ಕಣ್ಣಲ್ಲಿ ಕಣ್ಣಿಟ್ಟಳು.

"ಇದು ನನ್ನ ಸೆರಗಿನ್ಯಾಗ ಇರ್ತೈತಿ. ನೀವು ಬಂದು ನನ್ನ ಮನ್ಯಾಗ ಇರ್ರಿ. ಒಂದು ಮನಿಗೆ ಒಂದು ಕೀಲಿ ಸಾಕು."

ಅವನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು.

"ಇದು ಆದೇಶ ಏನ್ರಿ, ಬಾಯಾರ?"

"ಹೌದ್ರಿ, ಸಾಹೇಬ್ರ. ಇದಕ್ಕ ಇಲ್ಲ ಅನ್ನಾಕ ಬರೂದಿಲ್ಲ."